ಹತ್ತೊಂಬತ್ತು ಟೀವಿಗಳ ನ್ಯಾ ದಿಯೊಲಿಂದಾ

ನನ್ನ ಮಾನ ಉಳಿದದ್ದು ನ್ಯಾ ದಿಯೊಲಿಂದಾ ಅವರ ಬಲಗಾಲಿನ ಹೆಬ್ಬೆರಳಿನಿಂದ. ಉಳಿದಷ್ಟು ಉಳಿಯಿತು ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ. (ನ್ಯಾ ಎಂದರೆ ನಮ್ಮ ಕಡೆ 'ಅಮ್ಮಾವ್ರು' ಎಂದಂತೆ.)

ಆಗಸ್ಟಿನ ಒಂದು ಅಪರಾಹ್ನ. ಇತಾಉಗ್ವಾ ಊರಿಗೆ ಊರೇ ಮಧ್ಯಾಹ್ನದ ನಿದ್ದೆ ತೀರಿಸಿ ಎದ್ದು, ತೆರೆರೆ ಎಂಬ ತಣ್ಣನೆಯ ಪಾನೀಯಕ್ಕೆ ಸೊಪ್ಪು ಜಜ್ಜುವ ಸದ್ದು ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ಹಾಯುತ್ತಿದ್ದ ಹೊತ್ತು. ನನ್ನ ಹೆಂಡತಿ ನೇಲಿದಾಳ ಗೆಳತಿಯರು ಹನ್ನೊಂದು ಮಂದಿ ಮರದ ಚೌಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ಜೇಡನ ಬಲೆಯಂಥ ನ್ಯಾಂದುತಿ ಲೇಸು ನೇಯುತ್ತ ನಮ್ಮ ಜಗಲಿಯಲ್ಲಿ ಕುಳಿತಿದ್ದರು. ಟೀವಿಯ ಬೆನ್ನಿಗೆ ಸಿಕ್ಕಿಸುವ, ಚೂಯಿಂಗ್ ಗಮ್ ಪೊಟ್ಟಣದಷ್ಟೇ ಇರುವ ಕಡ್ಡಿಯೊಂದನ್ನು ನಾನು ಆಗಷ್ಟೇ ಕೊಂಡಿದ್ದೆ. ಅದರಲ್ಲಿ ಅವರಿಗೊಂದು ಲೇಸಿನ ಪಾಠ ತೋರಿಸಿ, ನಾನೂ ಕಾಲದ ಜೊತೆ ಹೆಜ್ಜೆ ಹಾಕುವವನೆಂದು ಸಾಬೀತುಪಡಿಸುವ ಉಮೇದಿನಲ್ಲಿ ಪೆನ್‌ಡ್ರೈವ್ ಚುಚ್ಚಿದೆ. ಕಡ್ಡಿಯೊಳಗಿನ ತಂತ್ರಾಂಶ ಪೆನ್‌ಡ್ರೈವಿನಲ್ಲಿದ್ದುದನ್ನೆಲ್ಲ ಗುಡಿಸಿ ಒಟ್ಟುಮಾಡಿತು. ಪಟ್ಟಿಯ ತುದಿಯಲ್ಲಿದ್ದುದನ್ನು ನಾನು ಕಣ್ಣುಮುಚ್ಚಿ ಒತ್ತಿದೆ. ಪರದೆಯ ತುಂಬ ನಾನೇ ಮೂಡಿದೆ. ಮೇಲೆ ಟೈ, ಕೆಳಗೆ ಪಟ್ಟೆಪಟ್ಟೆಯ ಪೈಜಾಮ. ಪುರಸಭೆಯ ಹಾಸ್ಯಸಾಹಿತ್ಯ ಬಹುಮಾನವನ್ನು ಸ್ವೀಕರಿಸುತ್ತ, "ಇದನ್ನು ನಾನು ಖಂಡಿತ ನಿರೀಕ್ಷಿಸಿರಲಿಲ್ಲ" ಎಂದು ಗದ್ಗದಿಸುತ್ತಿದ್ದೆ. ತಾಲೀಮೆಲ್ಲ ನಾನು ಮಾಡಿಕೊಂಡರೂ ಆ ಬಹುಮಾನ ಆ ವರ್ಷ ಬಂದದ್ದು ನಮ್ಮ ಔಷಧದಂಗಡಿಯವರಿಗೆ.

ಗಾಬರಿಯಲ್ಲಿ ಕೈಜಾರಿದ ರಿಮೋಟಿಗಾಗಿ ನಾನು ತಡಕಾಡುತ್ತಿದ್ದರೆ, ಪರದೆಯ ಮೇಲಿನ ನಾನು ತಾಯಿಯನ್ನು ಸ್ಮರಿಸಿ ಕರವಸ್ತ್ರಕ್ಕೆ ಕೈಹಾಕುತ್ತಿದ್ದ. ಆಗ ಮೂಲೆಯಲ್ಲಿ ಕುಳಿತಿದ್ದ ನ್ಯಾ ದಿಯೊಲಿಂದಾ, ಸೂಜಿಯಿಂದ ಕೈಯನ್ನೂ ಚೌಕಟ್ಟಿನಿಂದ ಕಣ್ಣನ್ನೂ ತೆಗೆಯದೆ, ಚಪ್ಪಲಿಯಿಂದ ಪಾದವನ್ನು ಹೊರಗೆಳೆದು, ನೆಲದ ಮೇಲೆ ಬಿದ್ದಿದ್ದ ರಿಮೋಟಿನ ನಿಲುಗಡೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು.

"ಆಯ್ತು. ಮುಂದಿನವರು," ಎಂದರು.

"ಇನ್ನೊಂಚೂರು ಬಿಡಬಾರದಿತ್ತಾ ದಿಯೊ ಅಕ್ಕಾ?" ಎಂದಳು ಎಪಿಫಾನಿಯಾ, ನಮ್ಮ ಬೀದಿಯ ಬಾಯಿ. "ಮೇಷ್ಟ್ರು ಅಳೋ ಜಾಗ ಈಗ ಬರ್ತಿತ್ತು!"

ದಿಯೊಲಿಂದಾ ನಗಲಿಲ್ಲ. ಅವರು ನಕ್ಕಿದ್ದರೆ ನಾನು ಊರು ಬಿಡಬೇಕಾಗುತ್ತಿತ್ತು. ಅಂದಿನಿಂದ ಅವರ ಮೇಲೆ ನನಗೊಂದು ಕೃತಜ್ಞತೆ, ಅದರ ಜೊತೆಗೇ ಒಂದು ಕುತೂಹಲ.

"ಮುಂದಿನವರು" ಎಂಬ ಮಾತು ಅವರ ನಾಲಗೆಗೆ ಅಂಟಿದ್ದು ಹಳೆಯ ಟೆಲಿಫೋನ್ ಕಚೇರಿಯಲ್ಲಿ. ಇಪ್ಪತ್ತೆಂಟು ವರ್ಷ ಅವರು ಅಲ್ಲಿ ತಂತಿಯ ತುದಿಗಳನ್ನು ತೂತಿನಿಂದ ತೂತಿಗೆ ಬದಲಿಸುತ್ತ ಊರಿನ ಜಗಳ, ಸಂಧಾನ, ಮದುವೆಮಾತುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದವರು. ಕೇಳಿಸಿಕೊಂಡದ್ದನ್ನು ಎಂದೂ ಹೊರಗೆ ಬಿಡದವರು. ಆ ಕಚೇರಿ ಮುಚ್ಚಿ ಎಷ್ಟೋ ಕಾಲವಾದರೂ ಅದರ ಬೂದುಬಣ್ಣದ ಕೋಟು ಅವರ ಮೈಮೇಲೆ ಇನ್ನೂ ಸೇವೆಯಲ್ಲಿದೆ. ಅದಕ್ಕಿರುವ ನಾಲ್ಕು ಗುಂಡಿಗಳು ನಾಲ್ಕು ಬೇರೆ ಬೇರೆ ವಂಶಕ್ಕೆ ಸೇರಿದವು. ಬಲಜೇಬಿನಲ್ಲಿ ಸೂಜಿಗಳು, ಎಡಜೇಬಿನಲ್ಲಿ ಮೋಟು ತಂತಿಗಳು, ಅಡಾಪ್ಟರುಗಳು, ಬಣ್ಣಬಣ್ಣದ ನೂಲು ಸುತ್ತಿ ಗುರುತಿಟ್ಟ ಪೆನ್‌ಡ್ರೈವುಗಳು. ಅವರು ನಡೆಯುವುದು ಓರೆಯಾಗಿ, ಬಲಭುಜ ಮುಂದೆ ಮಾಡಿಕೊಂಡು. ಬಾಲ್ಯದಿಂದ ದೊಡ್ಡ ಚೌಕಟ್ಟನ್ನು ಕಂಕುಳಲ್ಲಿ ಹಿಡಿದು ಇಕ್ಕಟ್ಟಾದ ಕಾಲುದಾರಿಗಳಲ್ಲಿ ಓಡಾಡಿದವರ ನಡಿಗೆ ಅದು. ಕೈ ಖಾಲಿಯಿದ್ದಾಗಲೂ ಚೌಕಟ್ಟು ಅವರ ಪಕ್ಕದಲ್ಲಿದೆಯೆಂದೇ ನಾವು ದಾರಿ ಬಿಡುತ್ತೇವೆ.

ಯಾರ ಮನೆಗೆ ಹೋದರೂ ಅವರ ಮೊದಲ ವಂದನೆ ಟೀವಿಗೆ. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಬೆನ್ನಿಗೆ ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುತ್ತಾರೆ. "ಮತ್ತೆ ಕಡ್ಡಿಗೆ ಟೀವಿ ಬೆನ್ನಿಂದಲೇ ಕರೆಂಟ್ ಕೊಟ್ಟಿದ್ದೀರಾ? ಸಾಲಲ್ಲ ಅಂತ ಎಷ್ಟು ಸಲ ಹೇಳಿದೆ? ಗೋಡೆಯಿಂದ ಕೊಡಿ," ಎಂದು ತಾವೇ ತಂತಿ ಬದಲಿಸಿ, ಆಮೇಲೆ ಮನೆಯವರ ಕ್ಷೇಮ ವಿಚಾರಿಸುತ್ತಾರೆ. ಭೂಮಧ್ಯರೇಖೆಯ ಕೆಳಗಿನ ನಮ್ಮ ಊರಿಗೆ ಜನವರಿಯೇ ನಡುಬೇಸಿಗೆ, ಚಳಿ ಬರುವುದು ತೆಂಕಣದಿಂದ. ಆ ಜನವರಿಯ ಬಿಸಿಲಿಗೆ ಕಡ್ಡಿಗಳು ಒಲೆಯ ಮೇಲಿನ ಚಿಪಾ ರೊಟ್ಟಿಯಂತೆ ಕಾಯುತ್ತವೆ. ಅದಕ್ಕೆಂದೇ ಗೇಣುದ್ದದ ತಂತಿಯೊಂದನ್ನು ನಡುವೆ ಸೇರಿಸಿ, ಕಡ್ಡಿಯನ್ನು ಟೀವಿಯಿಂದ ದೂರ ಗಾಳಿಗೆ ತೂಗುಬಿಡುವುದು ಅವರ ಪದ್ಧತಿ.

ಇದೆಲ್ಲ ಶುರುವಾದದ್ದು ಲೇಸಿನಿಂದಲೇ. ನೇಯುವವಳ ಎರಡೂ ಕೈ ಚೌಕಟ್ಟಿಗೆ ಮುಡಿಪು. ಅರವತ್ತು ದಾಟಿದ ಕಣ್ಣಿಗೆ ಫೋನಿನ ಅಂಗೈಯಗಲದ ಪರದೆಯಲ್ಲಿ ಎಳೆ ಕಾಣದು, ಕಂಡರೂ ಅದನ್ನು ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಆದ್ದರಿಂದ ದಿಯೊಲಿಂದಾ ಊರಿನ ಹಳೆಯ ಕೈಗಳು ನೇಯುವ ಒಂದೊಂದು ಹೂವನ್ನೂ, ಒಂದೊಂದು ಚುಕ್ಕಿಯನ್ನೂ ಚಿತ್ರೀಕರಿಸಿ, ಹತ್ತೊಂಬತ್ತು ಮನೆಗಳ ಟೀವಿಗೆ ಹತ್ತೊಂಬತ್ತು ಕಡ್ಡಿ ಸಿಕ್ಕಿಸಿದರು. ಕಾಲ್ಬೆರಳಿಗೆ ರಿಮೋಟಿನ ವಿದ್ಯೆ ಕಲಿಸಿದರು. ಅಂಗಡಿಯಿಂದ ಬರುವಾಗ ಆ ಕಡ್ಡಿಗಳು ಮಾರುವವರ ಸರಕನ್ನೇ ಕೂಗಿ ಕೂಗಿ ತೋರಿಸುತ್ತವೆ. ಇವರು ಅವುಗಳ ಬಾಯಿ ಮುಚ್ಚಿಸಿ, ಯಾರ ಸ್ವತ್ತೂ ಅಲ್ಲದ ಒಂದು ತಂತ್ರಾಂಶವನ್ನು ಒಳಗೆ ಕೂರಿಸುತ್ತಾರೆ. ಪ್ರಪಂಚದ ಮೂಲೆಮೂಲೆಯ ಸಾವಿರಾರು ಮಂದಿ ತಮ್ಮ ಬಿಡುವಿನಲ್ಲಿ ಬರೆದು, ತಿದ್ದಿ, ಬೇಕಾದವರು ಬಳಸಲಿ ಎಂದು ಬಿಟ್ಟುಕೊಟ್ಟದ್ದು ಅದು. ನಮ್ಮಲ್ಲಿರುವ ಚಿತ್ರ, ಹಾಡು, ಫೋಟೋಗಳನ್ನು ಅಚ್ಚುಕಟ್ಟಾಗಿ ಜೋಡಿಸಿ ಟೀವಿಯಲ್ಲಿ ತೋರಿಸುವುದಷ್ಟೇ ಅದರ ಕೆಲಸ. ಕೆಲವೊಮ್ಮೆ ಅದು ಅತಿಬುದ್ಧಿವಂತಿಕೆ ತೋರುವುದೂ ಉಂಟು. 'ಜೇಡ' ಎಂಬ ಚುಕ್ಕಿಯ ಪಾಠಕ್ಕೆ, ಎಲ್ಲಿಂದಲೋ ಹೆಕ್ಕಿ ತಂದ ಒಂದು ಭಯಾನಕ ಸಿನಿಮಾದ ರಕ್ತಸಿಕ್ತ ಭಿತ್ತಿಚಿತ್ರವನ್ನು ತಾನೇ ಅಂಟಿಸಿ, ಎಪಿಫಾನಿಯಾ ಎರಡು ದಿನ ಟೀವಿಯ ಮೇಲೆ ಮೇಜುಬಟ್ಟೆ ಹೊದಿಸಿ ಇಡುವಂತೆ ಮಾಡಿತ್ತು.

ಊರಿನ ಗಂಡಸರು ಬೇರೊಂದು ಆಸೆಯಿಂದ ಅವರ ಬಾಗಿಲಿಗೆ ಬಂದರು: ದುಡ್ಡು ಕೊಟ್ಟು ನೋಡಬೇಕಾದ ಫುಟ್‌ಬಾಲ್ ವಾಹಿನಿಗಳನ್ನು ಹಿತ್ತಲಬಾಗಿಲಿನಿಂದ ತರಿಸಿಕೊಡಬೇಕು. ನಾನೂ ಹೋಗಿದ್ದೆ, ಒಂದು ಉಂಡೆ ಗಿಣ್ಣು ಹಿಡಿದುಕೊಂಡು. "ಅದು ನಾನು ಮಾಡಲ್ಲ ಮೇಷ್ಟ್ರೇ," ಎಂದರು. ಗಿಣ್ಣು ಮಾತ್ರ ಇಟ್ಟುಕೊಂಡರು.

ಇನ್ನು ಸತುರ್ನೀನಾ ಅಜ್ಜಿಯ ವಿಷಯ. ಎಂಬತ್ತೇಳು ವರ್ಷದ ಈಕೆಯ ಬಳಿ ಬೇರಾರಿಗೂ ಬಾರದ ಒಂದು ವಿನ್ಯಾಸವಿತ್ತು: ಆಲೊನ್ಸಿಟೊ ಹಕ್ಕಿ ಬೇಲಿಗೂಟದ ಮೇಲೆ ಕಟ್ಟುವ ಮಣ್ಣಿನ ಗೂಡು, ಅದರ ಗುಮ್ಮಟ, ಒಳಗೋಡೆ, ಕಮಾನಿನ ಬಾಗಿಲು, ಎಲ್ಲವೂ ಬರಿಯ ನೂಲಿನಲ್ಲಿ. ರಾಜಧಾನಿಯ ಅಂಗಡಿಯೊಂದು ಆಕೆಯ ಇನ್ನೊಂದು ವಿನ್ಯಾಸವನ್ನು ಕದ್ದು ತನ್ನದೆಂದು ಮಾರಿದ ಮೇಲೆ, ನಲವತ್ತು ವರ್ಷ ಆಕೆ ಗೂಡನ್ನು ನೇಯ್ದದ್ದು ಮುಚ್ಚಿದ ಕದದ ಹಿಂದೆ. ಈಗ ಕಣ್ಣಿಗೆ ಪೊರೆ ಬಂದಿತ್ತು, ಬೆರಳುಗಳಲ್ಲಿ ನಡುಕ ಹುಟ್ಟಿತ್ತು. ಆಕೆಯ ಜೊತೆಗೇ ಗೂಡೂ ಹೋಗುತ್ತದೆಂದು ಊರು ಕೈಚೆಲ್ಲಿ ಕುಳಿತಿತ್ತು.

ದಿಯೊಲಿಂದಾ ಕೈಚೆಲ್ಲಲಿಲ್ಲ, ಕೇಳಲೂ ಇಲ್ಲ. ಅಜ್ಜಿಗೆ ಕೆಳಬೀದಿಯ ಫುಟ್‌ಬಾಲ್ ತಂಡವೆಂದರೆ ಪ್ರಾಣ. ಆ ತಂಡದ ಹಳೆಯ ಪಂದ್ಯಗಳನ್ನು ಯಾರ್ಯಾರದೋ ಕಪಾಟಿನಿಂದ ಕೂಡಿಹಾಕಿ, ಕಡ್ಡಿಯೊಂದರಲ್ಲಿ ತುಂಬಿ, ಅಜ್ಜಿಯ ಟೀವಿಗೆ ಸಿಕ್ಕಿಸಿ ಬಂದರು. ಒಂದು ಗೋಲಿನಿಂದ ಗೆದ್ದ ಪಂದ್ಯವೊಂದನ್ನು ಅಜ್ಜಿ ದಿನವೂ ಮಧ್ಯಾಹ್ನ, ಟೀವಿಗೆ ಮೂಗು ತಾಗಿಸಿಕೊಂಡು, ಫಲಿತಾಂಶದ ಆತಂಕದಲ್ಲಿ ಉಗುರು ಕಚ್ಚುತ್ತ ನೋಡತೊಡಗಿದರು. ತಿಂಗಳಾದ ಮೇಲೆ ಅಜ್ಜಿಯೇ ಮಾತು ತೆಗೆದರು. ನಾನು ಅಲ್ಲಿದ್ದೆ.

"ಇದನ್ನ ಮಾಡಿದೋನು ಯಾರೇ ಹುಡುಗಿ?" ದಿಯೊಲಿಂದಾಗೆ ಆಗ ಅರವತ್ತಾರು.

"ತುಂಬಾ ಜನ, ದೊಡ್ಡಮ್ಮ. ಹೆಸರು ಗೊತ್ತಿಲ್ಲ."

"ಎಷ್ಟು ತಗೊಂಡ್ರು?"

"ಏನೂ ಇಲ್ಲ."

"ಹುಚ್ಚರಾ?"

"ಇರಬಹುದು."

ಅಜ್ಜಿ ಪರದೆಯನ್ನೇ ನೋಡುತ್ತ ತೆರೆರೆಯ ಕೊನೆಯ ಗುಟುಕು ಸೊರ್ರೆಂದು ಎಳೆದರು. "ಅಷ್ಟೊಂದು ಹುಚ್ಚರಿದ್ದಾರೆ ಅಂದ್ರೆ ಇನ್ನೊಬ್ಬಳು ಸೇರಿದ್ರೆ ಏನೂ ಆಗಲ್ಲ. ಗೂಡಿನ ಚಿತ್ರ ತೆಗೀರಿ. ಆದ್ರೆ ನೇಯೋರು ಯಾರೂ ಒಳಗೆ ಬರಬಾರ್ದು. ನಾನು ಮಧ್ಯದಲ್ಲಿ ತಪ್ಪಿದ್ರೆ ಅವರು ನೋಡೋದು ಬೇಡ. ಸೂಜಿಗೆ ದಾರ ಪೋಣಿಸೋಕೂ ಬರದೋರು ಯಾರಾದ್ರೂ ಇದ್ರೆ ಕಳಿಸಿ."

ಇಬ್ಬರೂ ನನ್ನ ಕಡೆ ತಿರುಗಿದರು. ಜೀವಮಾನದಲ್ಲಿ ನಾನು ಅವಿರೋಧವಾಗಿ ಆಯ್ಕೆಯಾದ ಹುದ್ದೆ ಅದೊಂದೇ.

ಎರಡೂವರೆ ಗಂಟೆ ನನ್ನ ಫೋನಿನಲ್ಲಿ ಚಿತ್ರ ತೆಗೆದೆ. ಅಜ್ಜಿಯ ಬೆರಳುಗಳು ಶುರುವಿನಲ್ಲಿ ನಡುಗಿ, ಆಮೇಲೆ ನಡುಕವನ್ನೇ ಮರೆತು, ಕಡೆಯ ಗಂಟು ಬಿದ್ದೊಡನೆ ಸೋತು ಮಡಿಲಿಗೆ ಬಿದ್ದವು. "ಮುಗೀತು. ಇನ್ನು ಈ ಕೈ ಏಳಲ್ಲ," ಎಂದರು. ಹಾಗೆಯೇ ಆಯಿತು.

ಚಿತ್ರ ಹತ್ತೊಂಬತ್ತು ಮನೆ ತಲುಪಿತು. ಹೆಂಗಸರು ಕಲಿತರು. "ಅಜ್ಜಿ ಎಡಚಿ ಅಂತ ಗೊತ್ತೇ ಇರಲಿಲ್ಲ ಕಣ್ರೇ!" ಎಂದು ಎಪಿಫಾನಿಯಾ ಬೆರಗಾದಳು, ನಲವತ್ತು ವರ್ಷ ಆಕೆ ನೇಯುವುದನ್ನು ಕಂಡವರಿಲ್ಲವಾದ್ದರಿಂದ ಉಳಿದವರೂ ಬೆರಗಾದರು. ಒಬ್ಬೊಬ್ಬರು ಒಂದೊಂದು ಗೂಡು ನೇಯ್ದು, ಮರಗೆಣಸಿನ ಗಂಜಿ ಹಾಕಿ ಬಿಸಿಲಿಗಿಟ್ಟು, ಹತ್ತೊಂಬತ್ತನ್ನೂ ಒಂದೇ ಮೇಜುಬಟ್ಟೆಯಾಗಿ ಜೋಡಿಸಿ, ಮೆರವಣಿಗೆಯಂತೆ ಅಜ್ಜಿಯ ಮನೆಗೆ ಒಯ್ದರು.

ಅಜ್ಜಿ ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು ಬೆರಳಿನಿಂದ ಓದತೊಡಗಿದರು. ಗುಮ್ಮಟದ ಮೇಲೆ ಬೆರಳು ನಡೆಯಿತು, ಮುಖ ಅರಳಿತು. ಬಾಗಿಲಿಗೆ ಬಂದು ಬೆರಳು ನಿಂತಿತು. ಎರಡನೆಯ ಗೂಡಿಗೆ ಹೋಯಿತು. ಮೂರನೆಯದಕ್ಕೆ ಹೋಯಿತು.

"ಬಾಗಿಲು ಬಲಕ್ಕಿದೆ," ಎಂದರು.

ಬೆರಳು ನಾಲ್ಕನೆಯ ಗೂಡಿನ ಬಾಗಿಲಿಗೂ ಹೋಗಿ ಬಂತು.

"ಮೂಡೋ ಸೂರ್ಯನ ಕಡೆ ಮುಖ ಮಾಡಿ ಕೂತು ನೇಯ್ತೀವಿ. ಬಲಗೈ ಕಡೆ ತೆಂಕಣ ಗಾಳಿ ಬರತ್ತೆ, ಚಳಿಮಳೆ ಬರತ್ತೆ. ಯಾವ ಆಲೊನ್ಸಿಟೊ ಆ ಕಡೆ ಬಾಗಿಲು ಇಡತ್ತೆ ಹೇಳಿ? ಹತ್ತೊಂಬತ್ತು ಮನೆ ಹಕ್ಕಿಗಳನ್ನೂ ಕೊಂದುಬಿಟ್ರಲ್ಲ!"

"ಬಟ್ಟೇನ ಮಗುಚಿ ಹಾಕಿದ್ರೆ ಸರಿಹೋಗಲ್ವಾ?" ಎಂದು ನಾನು ಬಾಯಿ ಹಾಕಿದೆ. ಹತ್ತೊಂಬತ್ತು ಹೆಂಗಸರು ನನ್ನನ್ನು ನೋಡಿದರು. ಲೇಸಿಗೆ ಒಳಮೈ ಹೊರಮೈ ಇದೆ, ಗಂಟುಗಳೆಲ್ಲ ಒಳಮೈಗೆ ಎಂಬ ಸಂಗತಿಯನ್ನು ನನಗೆ ಯಾರೂ ವಿವರಿಸಲಿಲ್ಲ. ಆ ನೋಟವೇ ಸಾಕಾಯಿತು.

ದಿಯೊಲಿಂದಾ ನನ್ನ ಫೋನು ಕೇಳಿದರು. ತಿರುಗಿಸಿ ನೋಡಿದರು. ಹಿಂದಿನ ಕ್ಯಾಮೆರಾದ ಗಾಜು ಒಡೆದಿತ್ತು; ಹೋದ ಬೇಸಿಗೆಯಲ್ಲಿ ನಾನು ಮಾವಿನ ಮರ ಹತ್ತಿದ್ದರ ಸ್ಮಾರಕ. ಆದ್ದರಿಂದ ಅಂದು ನಾನು ಬಳಸಿದ್ದು ಮುಂದಿನ ಕ್ಯಾಮೆರಾ, ನನ್ನ ಮುಖವನ್ನು ನಾನೇ ತೆಗೆದುಕೊಳ್ಳುವಂಥದ್ದು. ಅದು ಎಲ್ಲವನ್ನೂ ಕನ್ನಡಿಯಂತೆ ಎಡಬಲ ಮಾಡಿ ಹಿಡಿದಿತ್ತು. ಸೂಜಿಯ ಗಂಧವಿಲ್ಲದವನನ್ನು ಹುಡುಕಿ ಕಳಿಸಿದ್ದಕ್ಕೆ ತಕ್ಕ ಫಲ ಸಿಕ್ಕಿತ್ತು.

"ಅಳಿಸಿಬಿಡು," ಎಂದರು ಅಜ್ಜಿ. ದನಿ ಏರಲಿಲ್ಲ. "ಸುಳ್ಳು ಗೂಡು ಉಳಿಯೋದಕ್ಕಿಂತ ಗೂಡೇ ಇಲ್ದೆ ಹೋಗೋದು ವಾಸಿ. ನನ್ನ ಹೆಸರಲ್ಲಿ ಇದು ಬೇಡ."

"ಹತ್ತು ದಿನ ಕೊಡಿ, ದೊಡ್ಡಮ್ಮ."

"ಇನ್ನೊಂದು ಸಲ ನೇಯೋಕೆ ಈ ಕೈಲಿ ಆಗಲ್ಲ ಕಣೇ."

"ನೀವು ನೇಯೋದು ಬೇಡ. ನಾನು ಚಿತ್ರ ತಿರುಗಿಸ್ತೀನಿ."

"ಅಂಗಡಿಗೆ ಕೊಟ್ಟೀಯ, ಜೋಕೆ."

ಹೀಗೆ ಫೋಟೋ ಅಂಗಡಿಯ ದಾರಿ ಮುಚ್ಚಿತು. ನನ್ನ ಫೋನಿನಲ್ಲೇ ತಿರುಗಿಸಲು ಹೋದರೆ, ಎರಡೂವರೆ ಗಂಟೆಯ ಭಾರಕ್ಕೆ ಅದು ಕೆಂಡವಾಗಿ ಅರ್ಧದಲ್ಲೇ ಆರಿಹೋಗುತ್ತಿತ್ತು. ದಿಯೊಲಿಂದಾಗೆ ಕಂಪ್ಯೂಟರಿಲ್ಲ. ಉಳಿದದ್ದು ಒಂದೇ: ಚಿತ್ರ ಇದ್ದಂತೆಯೇ ಇರಲಿ, ತೋರಿಸುವಾಗ ತಂತ್ರಾಂಶವೇ ಅದನ್ನು ಎಡಬಲ ಮಾಡಲಿ. ಆದರೆ ಅವರ ಕಡ್ಡಿಯಲ್ಲಿ ಅಂಥ ಗುಂಡಿ ಇರಲಿಲ್ಲ. ಆ ತಂತ್ರಾಂಶವನ್ನು ಕಟ್ಟುವವರು ಕೂಡಿ ಹರಟುವ ಜಾಲತಾಣದ ಕಟ್ಟೆಗೆ ಅವರು ಒಂದು ಪತ್ರ ಬರೆದರು. ಅದನ್ನು ತಿದ್ದಿಕೊಡಿ ಎಂದು ನನ್ನ ಬಳಿ ತಂದರು. "ಮಾನ್ಯರೇ, ನಮ್ಮ ಹಕ್ಕಿಗೂಡಿನ ಬಾಗಿಲು ದಕ್ಷಿಣಕ್ಕೆ ತೆರೆದುಕೊಂಡಿದೆ. ಹತ್ತು ದಿನದಲ್ಲಿ ಉತ್ತರಕ್ಕೆ ಆಗಬೇಕು. ಕಡ್ಡಿಯಲ್ಲಿ ಜಾಗ ಕಮ್ಮಿ." ನಾನು ಒಂದಕ್ಷರವನ್ನೂ ಮುಟ್ಟಲಿಲ್ಲ. ಮೂವತ್ತು ವರ್ಷ ಬರೆದೂ ನನಗೆ ಅಂಥ ಮೂರು ವಾಕ್ಯ ಬಂದಿಲ್ಲ.

ಮೊದಲ ಎರಡು ದಿನ, ಪತ್ರ ಬರೆದವರಿಗೆ ಸ್ವಸ್ಥ ಬುದ್ಧಿ ಇದೆಯೇ ಎಂದು ವಿಚಾರಿಸುವ ಉತ್ತರಗಳು ಬಂದವು. ಮೂರನೆಯ ದಿನ 'ಬೂದು ಬಾತುಕೋಳಿ' ಎಂಬ ಅಡ್ಡಹೆಸರಿನ ಒಬ್ಬರು, ಯಾವ ದೇಶದವರೋ, ಗಂಡೋ ಹೆಣ್ಣೋ, ಗೂಡು ಎಂದರೇನೆಂದು ಕೇಳಿದರು. ದಿಯೊಲಿಂದಾ ಚಿತ್ರ ಕಳಿಸಲಿಲ್ಲ, ಹೊರಗಿನವರ ಕೈಗೆ ಕೊಡಕೂಡದೆಂದು ಅಜ್ಜಿಯ ತಾಕೀತು ಇತ್ತಲ್ಲ. ಬೇಲಿಗೂಟದ ಮೇಲಿನ ನಿಜವಾದ ಗೂಡಿನ ಫೋಟೋ ಕಳಿಸಿ, ಚಿತ್ರ ಕನ್ನಡಿಯಂತೆ ಎಡಬಲವಾಗಿದೆಯೆಂದು ತಿಳಿಸಿದರು. ಐದನೆಯ ದಿನ ಅಲ್ಲಿಂದೊಂದು ಪುಟ್ಟ ಕಡತ ಬಂತು. ಅದನ್ನು ಕಡ್ಡಿಗೆ ಹಾಕಿ ಒತ್ತಿದರೆ ಅಜ್ಜಿ ತಲೆಕೆಳಗಾಗಿ ಕುಳಿತು ನೇಯತೊಡಗಿದರು. "ಬಾಗಿಲು ಸರಿ, ಆದ್ರೆ ಹಕ್ಕಿ ಉದುರ್ತಾ ಇದೆ," ಎಂದು ದಿಯೊಲಿಂದಾ ಮರುಪತ್ರ ಬರೆದರು. ಏಳನೆಯ ದಿನ ಎರಡನೆಯ ಕಡತ ಬಂತು. ಒತ್ತಿದರು. ಅಜ್ಜಿ ನೆಟ್ಟಗೆ ಕುಳಿತು, ಬಲಗೈಯಲ್ಲಿ ಸೂಜಿ ಹಿಡಿದು, ಎಡಕ್ಕೆ, ಉತ್ತರಕ್ಕೆ, ಬೆಚ್ಚನೆಯ ದಿಕ್ಕಿಗೆ ಬಾಗಿಲಿಟ್ಟರು. ನಾನು ಕಣ್ಣೊರೆಸಿಕೊಂಡೆ. ಈ ಸಲದ್ದು ತಾಲೀಮಿನದಲ್ಲ.

"ಆಯ್ತು. ಮುಂದಿನವರು," ಎಂದು ದಿಯೊಲಿಂದಾ ಕೋಟು ಹಾಕಿಕೊಂಡು, ಓರೆನಡಿಗೆಯಲ್ಲಿ, ಎರಡು ದಿನ ಸುತ್ತಿ ಹತ್ತೊಂಬತ್ತು ಮನೆಯ ಹತ್ತೊಂಬತ್ತು ಕಡ್ಡಿಗಳಿಗೂ ಆ ಕಡತ ತುಂಬಿದರು. "ನನ್ನ ಕೈ ಒಂದು ದಾರಿ ಕಲಿಯೋಕೇ ಇಪ್ಪತ್ತು ದಿನ ತಗೊಳ್ತು. ಈಗ ಅದಕ್ಕೆ ವಾಪಸ್ ಬಾ ಅಂತ ಯಾರು ಹೇಳ್ತಾರೆ?" ಎಂದು ಎಪಿಫಾನಿಯಾ ನನ್ನನ್ನು ಶಪಿಸಿದಳು. ದಿಯೊಲಿಂದಾ ತಾವೇನೂ ಊರಿನ ಉತ್ತಮ ನೇಯ್ಗೆಯವರಲ್ಲವೆಂದು ಬಲ್ಲರು. ಆದರೂ ಹತ್ತನೆಯ ದಿನ ಅಜ್ಜಿಯ ಮಡಿಲಲ್ಲಿ ಇಟ್ಟ ಗೂಡು ಅವರದೇ. ರಾತ್ರಿ ಹಗಲೆನ್ನದೆ ನೇಯ್ದದ್ದು, ಗಂಜಿ ಇನ್ನೂ ಪೂರ್ತಿ ಒಣಗಿರಲಿಲ್ಲ.

ಬೆರಳು ನಡೆಯಿತು. ಗುಮ್ಮಟ ದಾಟಿತು. ಬಾಗಿಲಿಗೆ ಬಂದು ಒಳಗೆ ತೂರಿ, ಒಳಗೋಡೆಯನ್ನು ಸವರಿ, ಅಲ್ಲೇ ಬಹಳ ಹೊತ್ತು ನಿಂತಿತು.

"ಗೋಡೆ ದಪ್ಪ ಆಯ್ತು," ಎಂದರು ಅಜ್ಜಿ.

"ಹೌದು, ದೊಡ್ಡಮ್ಮ."

"ಇರಲಿ. ಮರಿಗಳಿಗೆ ಬೆಚ್ಚಗಿರತ್ತೆ." ಆಮೇಲೆ, ಬೆರಳನ್ನು ಗೂಡಿನಿಂದ ತೆಗೆಯದೆಯೇ, "ಅಳಿಸಬೇಡ. ಕಲಿಯೋರು ಕಲೀಲಿ. ಆ ಬಾತುಕೋಳಿಗೂ ಒಂದು ನೇಯ್ದು ಕಳಿಸು. ದಕ್ಷಿಣದ ಬಾಗಿಲಿನದ್ದಿದೆಯಲ್ಲ, ಅದನ್ನ ಮೇಷ್ಟ್ರಿಗೆ ಕೊಡಿ, ತೆಗೆದವರು ಅವರೇ ತಾನೆ?" ಎಂದರು. ಆ ಮೇಜುಬಟ್ಟೆ ಈಗ ನಮ್ಮ ಊಟದ ಮೇಜಿನ ಮೇಲಿದೆ. ಅದರ ಮೇಲೆ ತಟ್ಟೆ ಇಡುವಾಗಲೆಲ್ಲ ನೇಲಿದಾ, "ಗಾಳಿ ಬರ್ತಿದೆಯಾ?" ಎಂದು ನನ್ನನ್ನು ಕೇಳುತ್ತಾಳೆ.

ಲೋಕದಲ್ಲಿ ಹೊಸದನ್ನು ಸೃಷ್ಟಿಸುವವರಿಗೆ ಹೆಸರಿದೆ, ಹಳೆಯದನ್ನು ಕೊಂಡಾಡುವವರಿಗೆ ವೇದಿಕೆಯಿದೆ. ನಾನು ಈ ಎರಡನೆಯ ಜಾತಿಯವನು. ಇವೆರಡರ ನಡುವೆ ಮೂರನೆಯದೊಂದು ಕುಲವಿದೆ. ಒಬ್ಬರ ಕೈಯಲ್ಲಿರುವುದನ್ನು ಇನ್ನೊಬ್ಬರ ಕೈಗೆ ಕೆಡದಂತೆ ಮುಟ್ಟಿಸಿ, ತಂತಿಯ ತುದಿಯನ್ನು ಸರಿಯಾದ ತೂತಿಗೆ ಸಿಕ್ಕಿಸಿ, ತಾವು ನಡುವಿನಿಂದ ಸದ್ದಿಲ್ಲದೆ ಸರಿದುಬಿಡುವವರ ಕುಲ. ಕಂಡರಿಯದ ಬಾತುಕೋಳಿಯೂ ನಮ್ಮ ದಿಯೊಲಿಂದಾ ಅವರೂ ಆ ಕುಲದ ದಾಯಾದಿಗಳು. ಇವರು ಶಾಶ್ವತದ ಮಾತು ಆಡುವುದಿಲ್ಲ. ಆಡುವಷ್ಟು ಬಿಡುವು ಅವರಿಗಿಲ್ಲ. ನಾವು ಶಾಶ್ವತವೆಂದು ಕರೆಯುವ ಬಹುಪಾಲು ವಸ್ತುಗಳು, ಇಂಥವರು ಆಗಾಗ ಬಂದು ಬೆನ್ನು ಮುಟ್ಟಿ ನೋಡಿ, ಕೆಟ್ಟದ್ದನ್ನು ಬದಲಿಸಿ ಹೋಗುವುದರಿಂದಲೇ ನಿಂತಿವೆಯೆಂದು ನನ್ನ ಗುಮಾನಿ.

ಈ ಗುಮಾನಿಯನ್ನು ಅವರ ಬಾಯಿಂದಲೇ ದೃಢಪಡಿಸಿಕೊಂಡು, ಲೇಖನಕ್ಕೊಂದು ಭವ್ಯವಾದ ಮುಕ್ತಾಯ ಗಿಟ್ಟಿಸುವ ಆಸೆ ನನಗಿತ್ತು. ಹೋದ ವಾರ ನಮ್ಮ ಟೀವಿಯ ಹಿಂದೆ ಬಗ್ಗಿ ತಂತಿ ನೋಡುತ್ತಿದ್ದಾಗ ಕೇಳಿಯೇಬಿಟ್ಟೆ.

"ನ್ಯಾ ದಿಯೊಲಿಂದಾ, ಸತುರ್ನೀನಾ ಅಜ್ಜಿಯ ಗೂಡನ್ನ ನೀವು ಉಳಿಸಿಬಿಟ್ರಿ. ಇನ್ನು ಅದು ಎಷ್ಟು ಕಾಲ ಇರತ್ತೆ ಅಂತೀರಿ?"

ಅವರು ಕಡ್ಡಿಯನ್ನು ಅಂಗೈಯಲ್ಲಿಟ್ಟು ಬಿಸಿ ನೋಡಿದರು.

"ಮೂರು ವರ್ಷ," ಎಂದರು. "ಬೇಸಿಗೆ ಜೋರಿದ್ರೆ ಎರಡು."